ಹುಷಾರಿಲ್ಲದ ಬೂದೆಮ್ಮ

ವಿದ್ಯಾರ್ಥಿಗಳಿಗೂ ಮನಸ್ಸು ಎಂಬುದೊಂದು ಇರುತ್ತದೆ ಎಂದು ನಮ್ಮ ಕಾಲೇಜಿಗೆ ಗೊತ್ತಾದದ್ದು ೧೯೮೩ರಲ್ಲಿ, ಅದೂ ಮೇಲಿನಿಂದ ಸುತ್ತೋಲೆ ಬಂದ ಮೇಲೆ. ಆ ಮನಸ್ಸು ಆಗಾಗ ಕೆಡುತ್ತದೆ, ಕೆಟ್ಟಾಗ ಸಲಹೆ ಕೊಡಲು ಪ್ರತಿ ಕಾಲೇಜಿನಲ್ಲೂ ಒಂದು ಕೇಂದ್ರ ಇರಬೇಕು ಎಂದು ಅದರಲ್ಲಿ ಬರೆದಿತ್ತಂತೆ. ರಾಯಚೂರಿನ ಹತ್ತಿ ಗಿರಣಿಯ ಸಾವುಕಾರರು ಸೇರಿ ಕಟ್ಟಿದ ಕಾಲೇಜು ನಮ್ಮದು. ಹತ್ತಿಯನ್ನು ಹಿಂಜುವುದು ಅವರಿಗೆ ಗೊತ್ತಿತ್ತು, ಹುಡುಗರ ಮನಸ್ಸಿನ ಗೊಡವೆ ಅವರಿಗೆ ಬೇಕಿರಲಿಲ್ಲ. ಪ್ರಿನ್ಸಿಪಾಲರು ಆಟದ ಸಾಮಾನಿನ ಕೋಣೆಯಲ್ಲಿದ್ದ ಗಾಳಿ ಹೋದ ಚೆಂಡುಗಳನ್ನೂ ಹರಿದ ಬಲೆಗಳನ್ನೂ ಒಂದು ಮೂಲೆಗೆ ತಳ್ಳಿಸಿ, ಬಾಗಿಲ ಮೇಲೆ ‘ವಿದ್ಯಾರ್ಥಿ ಮಾನಸಿಕ ಸಲಹಾ ಕೇಂದ್ರ’ ಎಂದು ಬೋರ್ಡು ಹಾಕಿಸಿ ಕೈತೊಳೆದುಕೊಂಡರು.

ಬೋರ್ಡಿನ ಬಣ್ಣ ಆರುವ ಮೊದಲೇ ಹುಡುಗರು ಆ ಕೋಣೆಗೆ ‘ಧಾರವಾಡ ಬಸ್‌ಸ್ಟ್ಯಾಂಡ್’ ಎಂದು ಹೆಸರಿಟ್ಟರು. ಹುಚ್ಚಾಸ್ಪತ್ರೆ ಧಾರವಾಡದಲ್ಲಿರುವುದರಿಂದ, ತಲೆ ಕೆಟ್ಟವರನ್ನು ‘ಧಾರವಾಡಕ್ಕ ಕಳಿಸ್ರಿ’ ಎನ್ನುವುದು ನಮ್ಮ ಕಡೆಯ ವಾಡಿಕೆ. ಹೀಗಾಗಿ ಆ ಬಾಗಿಲ ಮುಂದೆ ಹಾದುಹೋಗಲೂ ಯಾರಿಗೂ ಧೈರ್ಯವಿರಲಿಲ್ಲ.

ಒಳಗೆ ಕೂತಿದ್ದವರು ನಮಗೆ ಕನ್ನಡ ಪಾಠ ಮಾಡುತ್ತಿದ್ದ ಮೈಸೂರು ಸರ್. ಅವರ ಹೆಸರು ನನಗೆ ನೆನಪಿದೆ, ಬರೆಯುವ ಮನಸ್ಸಿಲ್ಲ. ಬಂದು ಎರಡು ತಿಂಗಳಾಗಿತ್ತು. ಎಲ್ಲೋ ಒಂದು ತರಬೇತಿ ಶಿಬಿರಕ್ಕೆ ಹೋಗಿ ಊಟ ಮಾಡಿ, ಗುಂಪು ಫೋಟೋ ತೆಗೆಸಿಕೊಂಡು ಬಂದದ್ದರಿಂದ ಸಲಹೆಗಾರರಾಗಿದ್ದರು. ಕನ್ನಡ ಎಂಬುದು ತಮ್ಮ ಮನೆಯ ಅಂಗಳದಲ್ಲೇ ಹುಟ್ಟಿ ಬೆಳೆದಿದೆ, ರಾಯಚೂರಿಗೆ ಬರುವಷ್ಟರಲ್ಲಿ ಬಿಸಿಲಿಗೆ ಸುಟ್ಟು ಕರಕಲಾಗಿದೆ ಎಂದು ಮೊದಲ ಕ್ಲಾಸಿನಲ್ಲೇ ಹೇಳಿ ನಕ್ಕಿದ್ದರು. ನಾವೂ ನಕ್ಕೆವು. ಮಾರ್ಕ್ಸು ಅವರ ಕೈಯಲ್ಲಿತ್ತು.

ನಾನು ಮಾನ್ವಿಯವಳು, ಸೂಗಮ್ಮ. ಅಪ್ಪ ಸುಂಕಪ್ಪ ಕಂಡವರ ಹೊಲದಲ್ಲಿ ದುಡಿಯುವವನು. ನನ್ನ ಜೊತೆ ಹಾಸ್ಟೆಲಿನ ಒಂದೇ ಖೋಲಿಯಲ್ಲಿ ಇದ್ದವಳು ದೇವದುರ್ಗದ ಬೂದೆಮ್ಮ. ಅವಳ ಅಪ್ಪ ಮುದುಕಪ್ಪ ಕುರಿ ಕಾಯುವವನು. ಅವರ ಓಣಿಯಲ್ಲಿ ಹೆಣ್ಣುಮಕ್ಕಳನ್ನು ಏಳನೇ ಇಯತ್ತೆಗೆ ಬಿಡಿಸಿ ಲಗ್ನ ಮಾಡುವುದು ರೂಢಿ. ಬೂದೆಮ್ಮನನ್ನು ಬಿಡಿಸಲಿಲ್ಲ, ಯಾಕೆಂದರೆ ಶಾಲೆಯ ಯಂಕಣ್ಣ ಮಾಸ್ತರ್ ಮನೆಗೆ ಬಂದು, “ಮುದುಕಪ್ಪಾ, ನಿನ್ನ ಮಗಳು ಲೆಕ್ಕದಾಗ ಭಾಳ ಹುಷಾರ್ ಅದಾಳ, ಓದಿಸು” ಎಂದಿದ್ದರು. ಆ ಒಂದು ಮಾತನ್ನು ಮುದುಕಪ್ಪ ದೇವರ ವಾಕ್ಯದಂತೆ ಹಿಡಿದುಕೊಂಡ. ಮಗಳನ್ನು ಬಿಎಸ್‌ಸಿಗೆ ಹಚ್ಚಿ ಹಾಸ್ಟೆಲಿಗೆ ಬಿಡಲು ಬಂದಾಗ ವಾರ್ಡನ್ನಿಗೂ ಅಡಿಗೆಯವಳಿಗೂ ನನಗೂ ಅದನ್ನೇ ಹೇಳಿದ.

“ಹುಷಾರ್ ಅದಾಳಂತ ಓದಸಾಕತ್ತೀನ್ರಿ. ಇಲ್ಲಂದ್ರ ಇಷ್ಟೊತ್ತಿಗೆ ಅವರ ಸ್ವಾದರಮಾವಗ ಕೊಟ್ಟು ಕೈ ತೊಳಕೊಂತಿದ್ದೆ.”

ಹುಷಾರಾಗಿ ಇರುವ ತನಕ ಕಾಲೇಜು, ಇಲ್ಲದಿದ್ದರೆ ಸೋದರಮಾವ. ಆ ಮಾವ ಶಕ್ತಿನಗರದಲ್ಲಿ ಗುತ್ತಿಗೆದಾರರ ಕೈಕೆಳಗೆ ಸಿಮೆಂಟು ಹೊರುತ್ತಿದ್ದ, ಸಂಜೆ ಆದರೆ ಕುಡಿಯುತ್ತಿದ್ದ. ಬೂದೆಮ್ಮನ ಎದುರಿಗಿದ್ದದ್ದು ಎರಡೇ ದಾರಿ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದಸರಾ ರಜೆ ಮುಗಿದ ಮೇಲೆ ಫಿಸಿಕ್ಸ್ ಮೇಷ್ಟ್ರು ಒಂದು ದಿನ ಅವಳನ್ನು ನಿಲ್ಲಿಸಿ ಪುಸ್ತಕದ ಒಂದು ಸಾಲು ಓದಿಸಿದರು. ಕನ್ನಡ ಶಾಲೆಯಿಂದ ಬಂದವಳು, ಇಂಗ್ಲಿಷ್ ಶಬ್ದ ನಾಲಿಗೆಗೆ ಸಿಕ್ಕಿಕೊಂಡಿತು. ಅವರು ಅದನ್ನೇ ಮತ್ತೆ ಮತ್ತೆ ಹೇಳಿಸಿ ಇಡೀ ಕ್ಲಾಸನ್ನು ನಗಿಸಿದರು. ಪಾಠ ಕಲಿಸಲು ಬಾರದ ಮನುಷ್ಯನಿಗೆ ಇದು ಚೆನ್ನಾಗಿ ಬರುತ್ತಿತ್ತು. ಅಂದಿನಿಂದ ಬೂದೆಮ್ಮ ನಿದ್ದೆ ಬಿಟ್ಟಳು. ತಟ್ಟೆಯಲ್ಲಿ ರೊಟ್ಟಿ ಮುರಿದು ಮುರಿದು ಇಡುತ್ತಿದ್ದಳು, ತಿನ್ನುತ್ತಿರಲಿಲ್ಲ. ಲೆಕ್ಕದ ಪುಸ್ತಕವನ್ನೂ ತೆರೆದ ಪುಟದಲ್ಲೇ ಬಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದಳು. ಏನಾಯಿತು ಎಂದರೆ, “ಓದಿದ್ದು ತಲ್ಯಾಗ ನಿಲ್ಲವಲ್ದು ಬೇ, ಎದಿ ಹಾರತದ” ಎನ್ನುತ್ತಿದ್ದಳು.

ಕೊನೆಗೆ ನಾನೇ ಅವಳನ್ನು ಆ ಕೇಂದ್ರಕ್ಕೆ ಎಳೆದುಕೊಂಡು ಹೋದೆ. ಬೋರ್ಡು ಇದೆ, ಮನುಷ್ಯ ಸಂಬಳ ತೆಗೆದುಕೊಳ್ಳುತ್ತಾನೆ, ನೋಡೋಣ ಎಂದು. ಮೈಸೂರು ಸರ್‌ಗೆ ಹಬ್ಬವಾದಷ್ಟು ಸಂತೋಷವಾಯಿತು. ಕೇಂದ್ರ ತೆರೆದ ಮೇಲೆ ಬಂದ ಮೊದಲ ಗಿರಾಕಿ ಬೂದೆಮ್ಮ.

“ಬಾಮ್ಮಾ, ಬಾ. ಹೆದರ್ಕೋಬೇಡ. ಆರಾಮವಾಗಿ ಕೂತ್ಕೋ. ಏನು ಸಮಾಚಾರ?”

“ಆರಾಮಿಲ್ರಿ ಸರ,” ಎಂದಳು ಬೂದೆಮ್ಮ ತಲೆ ತಗ್ಗಿಸಿ.

ಮೈಸೂರು ಸರ್ ತಾವೇ ಎದ್ದು, ಅವಳು ಕೂತಿದ್ದ ಸ್ಟೂಲನ್ನು ತೆಗೆದು ತಮ್ಮ ಕುರ್ಚಿಯನ್ನು ಹಾಕಿದರು.

“ಈಗ ಆರಾಮಾಯ್ತಾ?”

“ಇಲ್ರಿ ಸರ. ಭಾಳ ದಿನ ಆತು, ಆರಾಮಿಲ್ಲ.”

ಅವರು ಸುತ್ತಲೂ ನೋಡಿ, ಮೂಲೆಯಿಂದ ಗಾಳಿ ಹೋದ ವಾಲಿಬಾಲ್ ಒಂದನ್ನು ತಂದು ಅವಳ ಬೆನ್ನಿಗೆ ಒತ್ತು ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಅವರು ನನ್ನನ್ನು ದುರುಗುಟ್ಟಿ ನೋಡಿ, ಇಲ್ಲಿ ಆಡುವ ಮಾತು ಗುಟ್ಟಾಗಿ ಇರಬೇಕು, ಮೂರನೆಯವರು ಇರುವಂತಿಲ್ಲ, ಶಿಬಿರದಲ್ಲಿ ಹಾಗೆ ಹೇಳಿದ್ದಾರೆ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಬೂದೆಮ್ಮ ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಏನಂದರು ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅಂದಿನಿಂದ ನನ್ನ ಜೊತೆಗೂ ಮಾತು ಕಡಿಮೆಯಾಯಿತು.

ಮುಂದಿನ ವಾರ ಮುದುಕಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದ. ಮೈಸೂರು ಸರ್ ಅವನನ್ನು ಕರೆಸಿ ಮಾತಾಡಿ ಕಳಿಸಿದ್ದರು. ನಡೆದು ಬಂದು ದಣಿದವನಂತೆ ಕಟ್ಟೆಗೆ ಒರಗಿ ನಿಂತು ಮಗಳಿಗೆ ಹೇಳಿದ:

“ಟ್ರಂಕ್ ಕಟ್ಟವ್ವಾ. ಊರಿಗೆ ಹೋಗೂನು.”

“ಯಾಕ್ರಿ ಕಾಕಾ? ಪರೀಕ್ಷೆ ಹತ್ರ ಬಂದದ,” ಎಂದೆ ನಾನು.

“ಸಾಹೇಬ್ರು ಬಾಯಿ ಬಿಟ್ಟು ಹೇಳಿಬಿಟ್ರು. ನಿಮ್ಮ ಮಗಳಿಗೆ ಹುಷಾರಿಲ್ಲ, ಮನೀಗೆ ಕರಕೊಂಡು ಹೋಗ್ರಿ ಅಂತ. ಪುಣ್ಯಾತ್ಮರು, ಖರೇ ಹೇಳಿದ್ರು. ಉಳಿದವ್ರು ಯಾರೂ ನನಗ ಹೇಳಿದ್ದಿಲ್ಲ.”

ಬೂದೆಮ್ಮ ಒಂದು ಮಾತನ್ನೂ ಆಡದೆ ಟ್ರಂಕು ಕಟ್ಟಿದಳು. ನಾನು ಜಗಳಕ್ಕೆ ನಿಂತೆ, ಅವಳು ಪಿಯುಸಿಯಲ್ಲಿ ಲೆಕ್ಕದಲ್ಲಿ ಇಡೀ ಕಾಲೇಜಿಗೆ ಮೊದಲು ಬಂದವಳು ಎಂದೆ. ಮುದುಕಪ್ಪ ಕೈ ಮುಗಿದ. ಅಷ್ಟು ದೊಡ್ಡ ಮನುಷ್ಯರೇ ಹೇಳಿದ ಮೇಲೆ ಮುಗಿಯಿತು, ಯುಗಾದಿಗೆ ಲಗ್ನ ಎಂದ.

ನಾನು ಸಿಟ್ಟಿನಿಂದ ಕುದಿಯುತ್ತ ನೇರ ಧಾರವಾಡ ಬಸ್‌ಸ್ಟ್ಯಾಂಡಿಗೆ ಹೋದೆ. ಮೈಸೂರು ಸರ್ ಚಹಾ ಕುಡಿಯುತ್ತಿದ್ದರು.

“ಸರ, ಬೂದೆಮ್ಮಗ ಹುಷಾರಿಲ್ಲ ಅಂದ್ರಂತ?”

“ಹೌದಮ್ಮ. ಪಾಪ, ತುಂಬಾನೇ ಹುಷಾರಿಲ್ಲ.”

“ಲೆಕ್ಕದಾಗ ಆಕೀನ ಫಸ್ಟ್ ಅದಾಳ್ರಿ! ಯಾವ ಬಾಯಿಲೆ ಹಂಗ ಅಂದ್ರಿ?”

“ಮಾರ್ಕ್ಸಿಗೂ ಹುಷಾರಿಗೂ ಏನಮ್ಮ ಸಂಬಂಧ? ಎಂಥೆಂಥ ಬುದ್ಧಿವಂತರಿಗೂ ಹುಷಾರು ತಪ್ಪುತ್ತೆ. ನಂಗೂ ಹೋದ ವಾರ ಹುಷಾರಿರ್ಲಿಲ್ಲ, ನೆಗಡಿ.”

ಆಗ ನನಗೆ ತಿಳಿಯಿತು. ಈ ಮನುಷ್ಯನ ಊರಿನಲ್ಲಿ ಹುಷಾರು ಎಂದರೆ ಮೈ ಸರಿಯಿರುವುದು. ನಮ್ಮಲ್ಲಿ ಹುಷಾರ್ ಎಂದರೆ ಜಾಣತನ. ಮೈಗೋ ಮನಸ್ಸಿಗೋ ಸರಿಯಿಲ್ಲದಿದ್ದರೆ ನಾವು ಹೇಳುವುದು ಆರಾಮಿಲ್ಲ ಎಂದು. ಬೂದೆಮ್ಮ ಅದನ್ನು ಹೇಳಿದಾಗ ಇವರು ಕುರ್ಚಿ ಬದಲಾಯಿಸಿದರು. ಇವರು ಕಾಯಿಲೆ ಎಂದದ್ದನ್ನು ಮುದುಕಪ್ಪ ದಡ್ಡತನ ಎಂದು ಹೊತ್ತುಕೊಂಡು ಹೋದ. ಇಷ್ಟನ್ನೂ ನಾನು ಅವರಿಗೆ ಬಿಡಿಸಿ ಹೇಳಿದೆ.

ಅವರು ಲೋಟ ಕೆಳಗಿಟ್ಟು ಹೊಟ್ಟೆ ತುಂಬ ನಕ್ಕರು. “ಓಹೋ, ಅದಕ್ಕೇ ಎಷ್ಟು ಕುರ್ಚಿ ಕೊಟ್ರೂ ಆ ಹುಡುಗಿ ಆರಾಮಿಲ್ಲ, ಆರಾಮಿಲ್ಲ ಅಂತಿದ್ದಿದ್ದು! ಭಲೇ ಚೆನ್ನಾಗಿದೆ. ಇದರ ಮೇಲೆ ಒಂದು ಹಾಸ್ಯ ಲೇಖನ ಬರೀಬಹುದು.”

“ಬರೀರಿ ಸರ. ಮೊದಲ ದೇವದುರ್ಗಕ್ಕ ಬಂದು, ಬೂದೆಮ್ಮ ಹುಷಾರ್ ಅದಾಳ ಅಂತ ಅವರಪ್ಪಗ ಒಂದ್ ಮಾತು ಹೇಳ್ರಿ. ಅಷ್ಟ ಸಾಕು.”

ಅವರ ಮುಖ ಗಂಭೀರವಾಯಿತು. “ಹುಷಾರಾಗಿದ್ದಾಳೆ ಅಂತ ಹೇಗೆ ಹೇಳ್ಲಿ? ಅವಳು ಹುಷಾರಾಗಿಲ್ವಲ್ಲ. ನಾನು ಸಲಹೆಗಾರ, ಸುಳ್ಳು ಹೇಳೋಕಾಗಲ್ಲ.”

“ಅಯ್ಯೋ ಸರ, ನಮ್ಮ ಮಾತಿನಾಗ ಹೇಳ್ರಿ!”

“ತಪ್ಪು ಮಾತನ್ನ ನಾನ್ಯಾಕಮ್ಮ ಆಡ್ಲಿ? ಕನ್ನಡ ಸರಿಯಾಗಿ ಕಲೀಬೇಕಾದವರು ನೀವು. ಅಷ್ಟಕ್ಕೂ ಅವಳ ತಂದೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ್ರು. ಅರ್ಥವಾಗದೇ ಇದ್ರೆ ಕಾಲು ಮುಟ್ತಾರಾ?”

ಇಂಥ ತಲೆಗೆ ಏನು ಹೇಳುವುದು? ಪ್ರಿನ್ಸಿಪಾಲರ ಹತ್ತಿರ ಓಡಿದೆ. ಅವರು ಇದೇ ಊರಿನವರು, ಅರ್ಧ ಹೇಳುವಷ್ಟರಲ್ಲೇ ಎಲ್ಲ ತಿಳಿದುಕೊಂಡರು. ಬಿದ್ದುಬಿದ್ದು ನಕ್ಕರು. ನಕ್ಕು ಮುಗಿಸಿ, “ಹೊಸ ಕೇಂದ್ರ ಅದ ತಂಗಿ, ಹೊರಗ ಹೇಳಿ ಹೆಸರು ಕೆಡಿಸಬ್ಯಾಡ” ಎಂದರು. ಒಬ್ಬನಿಗೆ ಮಾತು ತಿಳಿಯಲಿಲ್ಲ, ಇನ್ನೊಬ್ಬನಿಗೆ ತಿಳಿದೂ ಬೇಕಾಗಿರಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಅಸಹ್ಯ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಭಾನುವಾರ ನಾನೇ ದೇವದುರ್ಗದ ಬಸ್ಸು ಹತ್ತಿದೆ.

ಬೂದೆಮ್ಮನ ಮನೆ ಮುಂದೆ ಮುದುಕಪ್ಪ ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದ. ಬಾಗಿಲಲ್ಲಿ ಅವನ ಹೆಂಡತಿ ಮಾರೆಮ್ಮ ನಿಂತಿದ್ದಳು. “ಯಾರ ಪೈಕಿ ಬೇ ನೀನು?” ಎಂದು ಕೇಳಿದಳು. ಹೇಳಿದೆ. ಕಟ್ಟೆಯ ಮೇಲೆ ಕೂರಲು ಹೋದವಳು ಕೆಳಗೇ ಕೂತೆ. ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ದರು. ಅವರ ಮಗಳು ಹಾಸ್ಟೆಲಿನಲ್ಲಿ ನನ್ನ ತಟ್ಟೆಯಿಂದಲೇ ಕಿತ್ತು ತಿನ್ನುತ್ತಿದ್ದಳು ಎಂದು ಹೇಳಿ ಅವರ ಮುಖ ನೋಡಬೇಕು ಎನ್ನಿಸಿತು. ಬಂದ ಕೆಲಸ ಬೇರೆ ಇತ್ತು, ನೀರು ಕುಡಿದು ಸುಮ್ಮನಾದೆ. ಬೂದೆಮ್ಮ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು. ವಾರದೊಳಗೇ ಅರ್ಧ ಆಗಿದ್ದಳು.

ನಾನು ಮುದುಕಪ್ಪನಿಗೆ ಹುಷಾರು, ಆರಾಮ ಎಲ್ಲ ಬಿಡಿಸಿ ಹೇಳಿದೆ. ಅವನು ಕತ್ತರಿ ನಿಲ್ಲಿಸಿ ಕೇಳಿದ.

“ಅವ್ರು ಮೈಸೂರವ್ರಂತ. ಅವ್ರ ಕನ್ನಡ ತಪ್ಪು, ನಿಂದು ಖರೇ ಅಂತೀಯೇನು?”

“ತಪ್ಪು ಒಪ್ಪು ಅಲ್ರಿ ಕಾಕಾ. ಅವ್ರ ಕಡಿ ಹುಷಾರಿಲ್ಲ ಅಂದ್ರ ಆರಾಮಿಲ್ಲ ಅಂತ ಅರ್ಥ. ಬೂದೆಮ್ಮ ದಡ್ಡಿ ಅಂತ ಅವ್ರು ಅಂದೇ ಇಲ್ಲ.”

ಮುದುಕಪ್ಪ ಮಗಳ ಕಡೆ ತಿರುಗಿದ. ಅವನ ದನಿಯಲ್ಲಿ ಭಯ ಇತ್ತು. “ಆರಾಮಿಲ್ಲೇನು ಬೂದಿ?”

ನಾನು ಕಾದೆ. ಅವಳು ಹೌದು ಎಂದರೆ ಸಾಕಿತ್ತು. ಬೂದೆಮ್ಮ ನೆಲ ನೋಡುತ್ತ ಹೇಳಿದಳು:

“ಆರಾಮ ಅದೀನಿ ಯಪ್ಪಾ. ಹುಷಾರ್ ಇಲ್ಲ, ಅಷ್ಟ.”

ಮುದುಕಪ್ಪನಿಗೆ ಜೀವ ಬಂದಂತಾಯಿತು. “ನೋಡಿದೇನವ್ವಾ?” ಎಂದು ನನಗೆ ಹೇಳಿ ಮತ್ತೆ ಕತ್ತರಿ ತೆಗೆದುಕೊಂಡ. ಮಗಳಿಗೆ ಕಾಯಿಲೆ ಇಲ್ಲವೆಂದು ಆ ಬಡಪಾಯಿಗೆ ಸಂತೋಷವೇ ಆಗಿತ್ತು. ನನಗೆ ಬೂದೆಮ್ಮನ ಕೆನ್ನೆಗೆ ಹೊಡೆಯಬೇಕು ಎನ್ನಿಸಿತು.

ಆಗ ಮಾರೆಮ್ಮ ಹೊಸ್ತಿಲು ದಾಟಿ ಬಂದಳು. “ಯಾಕ ಸುಳ್ಳು ಹೇಳ್ತಿ? ಬಂದಾಗಿಂದ ಕಣ್ಣಿಗೆ ಕಣ್ಣು ಹಚ್ಚಿಲ್ಲ. ಬಾಜೂಕ ಮಲಗೀನಿ, ನನಗ ಗೊತ್ತಿಲ್ಲೇನು? ತಲಿ ಬಾಚಿದ್ರ ಮುಷ್ಟಿ ಕೂದಲು ಬರ್ತಾವ. ಆರಾಮ ಅದಾಳಂತ, ಆರಾಮ!”

ಅಷ್ಟು ಕೇಳಿದ್ದೇ ತಡ, ಬೂದೆಮ್ಮ ಕಂಬ ಹಿಡಿದು ಕುಸಿದು ಕೂತು ಅತ್ತಳು. ಅಳುತ್ತಲೇ ಅಂದಳು, “ಅಪ್ಪಗಿಂತ ಮೊದಲ ಆ ಸರ ನನಗ ಹೇಳಿದ್ರು ಯವ್ವಾ. ಕುರ್ಚಿ ಮ್ಯಾಲ ಕುಂದ್ರಿಸಿ, ಬಾಗಲಾ ಹಾಕಿ, ನಿನಗೆ ಹುಷಾರಿಲ್ಲಮ್ಮ ಅಂದ್ರು. ನನಗ ಮೊದಲ ಹಂಗ ಅನಸಾಕತ್ತಿತ್ತು. ಫಿಸಿಕ್ಸ್ ಸರ್ ನಗಸಿದಾಗಿಂದ ಅದ ವಿಚಾರ, ನಾ ದಡ್ಡಿ, ನಾ ದಡ್ಡಿ ಅಂತ. ಅದನ್ನ ಕೇಳಾಕ ಅಂತ ಹೋಗಿದ್ದೆ. ಅವ್ರು ಹೌದು ಅಂದ್ಹಂಗ ಆತು.”

ಅವಳು ಬಾಯಿ ಮುಚ್ಚಿಕೊಂಡು ಟ್ರಂಕು ಕಟ್ಟಿದ್ದು ಯಾಕೆಂದು ಆಗ ನನಗೆ ಗೊತ್ತಾಯಿತು. ಮುಳುಗುತ್ತಿದ್ದವಳು ಕೈ ಚಾಚಿದಳು, ಆ ಶಿಬಿರದ ಪಂಡಿತ ತಲೆ ಹಿಡಿದು ನೀರಿಗೆ ಒತ್ತಿದ, ಅದೂ ಬಹಳ ಪ್ರೀತಿಯಿಂದ.

ಮುದುಕಪ್ಪ ಕತ್ತರಿಯನ್ನು ಉಣ್ಣೆಯ ಗುಡ್ಡೆಗೆ ಎಸೆದು ಎದ್ದ.

“ಅವನ ಬಾಯಾಗ ಮಣ್ಣು ಹಾಕ! ಅವನ ಕಾಲು ಬ್ಯಾರೆ ಮುಟ್ಟಿ ಬಂದೀನಿ!”

ಮರುದಿನ ರಾಯಚೂರಿಗೆ ಕರೆದುಕೊಂಡು ಬಂದ. ಕಾಲೇಜಿಗಲ್ಲ, ಡಾಕ್ಟರ್ ಗುಲಾಮ್ ದಸ್ತಗೀರ್ ಅವರ ದವಾಖಾನೆಗೆ. ಅವರು ಅಂಥ ಮಹಾಜ್ಞಾನಿ ಏನಲ್ಲ. ಗಡಿಬಿಡಿಯ ಮನುಷ್ಯ, ರೋಗಿ ಮಾತಾಡುವಾಗ ಅರ್ಧ ಗಮನ ಬಾಗಿಲ ಕಡೆಗೇ ಇರುತ್ತಿತ್ತು. ಆದರೆ ಬೂದೆಮ್ಮ ಎದುರು ಕೂತಾಗ, “ಏನವಾ, ಆರಾಮಿಲ್ಲೇನು?” ಎಂದು ಕೇಳಿದರು. ಅವಳು “ಆರಾಮಿಲ್ರಿ” ಎಂದಳು. ಅವರು ಕುರ್ಚಿ ತರಲು ಏಳಲಿಲ್ಲ, ಮುಂದೆ ಹೇಳು ಎಂದರು. ಅವಳು ಹೇಳುತ್ತ ಹೋದಳು. ಇದೂ ಒಂದು ಬ್ಯಾನಿ, ಜ್ವರ ಬಂದಂತೆ ಬರುತ್ತದೆ, ಬಿಡಲು ಮಾತ್ರ ಹೊತ್ತು ಹಿಡಿಯುತ್ತದೆ ಎಂದು ಮುದುಕಪ್ಪನಿಗೆ ಹೇಳಿ ಗುಳಿಗೆ ಕೊಟ್ಟರು, ಬರುತ್ತಿರಬೇಕು ಎಂದರು. ಹೊತ್ತು ಹಿಡಿಯಿತು. ಆ ವರ್ಷದ ಪರೀಕ್ಷೆ ಹೋಯಿತು. ಯುಗಾದಿಯ ಲಗ್ನ ನಿಂತಿತು. ಸೋದರಮಾವ ಕುಡಿದು ಬಂದು ಬಾಗಿಲಲ್ಲಿ ಕೂಗಾಡಿದಾಗ ಮಾರೆಮ್ಮ ಪೊರಕೆ ಹಿಡಿದು ಅಟ್ಟಿದಳಂತೆ. ಜೂನ್ ತಿಂಗಳಲ್ಲಿ ಬೂದೆಮ್ಮ ಮತ್ತೆ ಮೊದಲ ವರ್ಷಕ್ಕೆ ಬಂದು ಕೂತಳು. ಪೂರ್ತಿ ವಾಸಿಯಾಗಿರಲಿಲ್ಲ. ಕೆಲವು ರಾತ್ರಿ ಇನ್ನೂ ಎದ್ದು ಕೂರುತ್ತಿದ್ದಳು, ಆದರೆ ಲೆಕ್ಕ ಬಿಡಿಸುತ್ತ ಕೂರುತ್ತಿದ್ದಳು.

ಆ ಚಳಿಗಾಲದಲ್ಲಿ ಕೇಂದ್ರ ಹೇಗೆ ನಡೆದಿದೆ ಎಂದು ನೋಡಲು ಹೊರಗಿನಿಂದ ಒಂದು ಕಮಿಟಿ ಬಂತು. ಆ ಕೋಣೆಯಿಂದ ಚೆಂಡುಗಳು ಮಾಯವಾದವು, ಬಾಗಿಲಿಗೆ ಪರದೆ ಬಂತು. ಕಾಲೇಜಿನ ಹಾಲ್‌ನಲ್ಲಿ ಸಭೆ. ಮೈಸೂರು ಸರ್ ಕೋಟು ಹಾಕಿಕೊಂಡು ಭಾಷಣ ಮಾಡಿದರು. ಸೂಕ್ಷ್ಮ ಮನಸ್ಸು, ಸಕಾಲದ ಸಲಹೆ, ಪಾಲಕರ ಸಹಕಾರ. ಒಂದು ವರ್ಷದಲ್ಲಿ ಅವರ ಬಾಗಿಲು ತಟ್ಟಿದ್ದವಳು ಬೂದೆಮ್ಮ ಒಬ್ಬಳೇ ಆದ್ದರಿಂದ ತೋರಿಸಲು ಬೇರೆ ಯಾರೂ ಇರಲಿಲ್ಲ. ‘ನಮ್ಮ ಕೇಂದ್ರದ ಸಲಹೆಯಿಂದ ಗುಣಮುಖಳಾಗಿ ಮರಳಿ ಬಂದ ವಿದ್ಯಾರ್ಥಿನಿ’ ಎಂದು ಮೈಕಿನಲ್ಲಿ ಹೆಸರು ಕೂಗಿದರು. ಅವಳನ್ನು ಮೊದಲು ಕೇಳಿರಲೂ ಇಲ್ಲ. ಗುಟ್ಟು, ಮೂರನೆಯವರು ಇರುವಂತಿಲ್ಲ ಎಂದಿದ್ದ ಮನುಷ್ಯ ಆರುನೂರು ಮಂದಿಯ ಮುಂದೆ ಅವಳನ್ನು ನಿಲ್ಲಿಸಿದ.

ನಾನು ಅವಳ ಸೆರಗು ಹಿಡಿದು, “ಹೋಗಬ್ಯಾಡ ಬೇ” ಎಂದೆ. ಅವಳು ಬಿಡಿಸಿಕೊಂಡು ಹೋದಳು. ವೇದಿಕೆ ಹತ್ತಿ ಮೈಕಿನ ಪಕ್ಕ ನಿಂತಳು. ಫಿಸಿಕ್ಸ್ ಮೇಷ್ಟ್ರು ಮುಂದಿನ ಸಾಲಿನಲ್ಲಿ ಆಕಳಿಸುತ್ತಿದ್ದರು. ಮೈಸೂರು ಸರ್ ಮೈಕನ್ನು ಅವಳ ಬಾಯಿಗೆ ಹಿಡಿದು ಜೇನಿನಂಥ ದನಿಯಲ್ಲಿ ಕೇಳಿದರು:

“ಹೇಳಮ್ಮಾ, ಈಗ ಹುಷಾರಾಗಿದ್ದೀಯ ತಾನೇ?”

ಬೂದೆಮ್ಮ ಮೈಕಿನಲ್ಲೇ ಹೇಳಿದಳು:

“ಹುಷಾರ್ ನಾ ಮೊದಲಿಂದ ಅದೀನ್ರಿ ಸರ. ಆರಾಮಿದ್ದಿಲ್ಲ.”

ಮಾನ್ವಿ, ದೇವದುರ್ಗ, ಮಟಮಾರಿಯ ಹುಡುಗ ಹುಡುಗಿಯರೆಲ್ಲ ಬೆಂಚು ಬಡಿದು ಕೂಗಿದ ಕೂಗಿಗೆ ಗೋಡೆಯ ಸುಣ್ಣ ಉದುರಬೇಕು. ಪ್ರಿನ್ಸಿಪಾಲರು ಮೇಜಿನ ಮೇಲಿನ ಹೂವು ನೋಡತೊಡಗಿದರು. ಹೊರಗಿನಿಂದ ಬಂದ ಕಮಿಟಿಯವರು ಹುಡುಗಿ ಉಪಕಾರ ನೆನೆಯುತ್ತಿದ್ದಾಳೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೈಸೂರು ಸರ್.